ಅರಗು ಹಾಕಿದ ಮುಚ್ಚಳ

“ಬುದ್ಧಿ, ನಾನು ಎದುರಿಗಿದ್ದಾಗ ಸರಿಯಾಗಿ ಕೆಲಸ ಮಾಡುವವನು, ನಾನು ಇಲ್ಲದಾಗ ಕೆಲಸ ಕೆಡಿಸಿದರೆ, ಅವನನ್ನು ಕಳ್ಳನೆನ್ನಬೇಕೋ, ಸೋಮಾರಿಯೆನ್ನಬೇಕೋ?”

ಶಿಷ್ಯ ಹೀಗೆ ಕೇಳಿ ಗುರುಗಳ ಎದುರು ಕುಳಿತುಕೊಂಡ. ಕುಳಿತುಕೊಳ್ಳುವಾಗ ಅವನ ಸೊಂಟದಲ್ಲಿದ್ದ ಬೀಗದ ಕೈಗಳ ಗೊಂಚಲು ಸದ್ದು ಮಾಡಿತು. ಗುರುಗಳ ಮುಂದೆ ಸದ್ದಾಗಬಾರದೆಂದು ಅವನು ಅದನ್ನು ಅಂಗೈಯಲ್ಲಿ ಹಿಡಿದುಕೊಂಡ. ಅವನು ಮಠದ ಉಗ್ರಾಣವನ್ನು ನೋಡಿಕೊಳ್ಳುವವನು. ಉಗ್ರಾಣವೆಂದರೆ ದಾಸೋಹಕ್ಕೆ ಬೇಕಾದ ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ ಇಡುವ ಕೋಣೆ.

ಗುರುಗಳು, “ಯಾರ ಮಾತು?” ಎಂದು ಕೇಳಿದರು.

“ಅಡುಗೆಯ ಚನ್ನವೀರಯ್ಯನದು, ಬುದ್ಧಿ. ನಾನು ಮಠದಲ್ಲಿದ್ದ ದಿನ ಎಷ್ಟು ಜನ ಬಂದರೂ ಊಟ ಸಾಲುತ್ತದೆ. ಸಾರು ಸಾರಿನ ಹಾಗೆ ಇರುತ್ತದೆ. ದವಸ ತರಲು ನಾನು ಭಕ್ತರ ಊರುಗಳಿಗೆ ಹೋದ ದಿನ ಮಾತ್ರ ಕೆಡುತ್ತದೆ. ಕೊನೆಯ ಪಂಕ್ತಿಗೆ ಅನ್ನವಿರುವುದಿಲ್ಲ. ಸಾರು ನೀರಾಗಿರುತ್ತದೆ. ಹೋಗುವ ಮುಂಚೆ ನಾನೇ ನಿಂತು ಎಲ್ಲವನ್ನೂ ಅಳೆದು ಕೊಟ್ಟಿರುತ್ತೇನೆ. ಆದ್ದರಿಂದ ಕೊರತೆ ಆಗಲು ಕಾರಣವೇ ಇಲ್ಲ. ಅವನನ್ನು ಬಿಡಿಸಿ ಬೇರೆಯವರನ್ನು ಇಡಲು ತಮ್ಮ ಅಪ್ಪಣೆ ಬೇಕು.”

“ಚನ್ನವೀರಯ್ಯ ಏನು ಹೇಳುತ್ತಾನೆ?”

“ಏನೂ ಹೇಳುವುದಿಲ್ಲ. ತಲೆ ತಗ್ಗಿಸಿ ನಿಲ್ಲುತ್ತಾನೆ. ತಪ್ಪು ಒಪ್ಪಿಕೊಂಡಂತೆಯೇ ಅಲ್ಲವೇ?”

ಚನ್ನವೀರಯ್ಯ ಹರೆಯದಲ್ಲಿ ಮಠಕ್ಕೆ ಬಂದವನು. ಈಗ ಅವನ ಹುಬ್ಬು ನರೆತಿತ್ತು. ಮಠ ಬಿಟ್ಟರೆ ಅವನಿಗೆ ಹೋಗಲು ಮನೆಯಿರಲಿಲ್ಲ. ಇದು ಗುರುಗಳಿಗೂ ಗೊತ್ತಿತ್ತು, ಶಿಷ್ಯನಿಗೂ ಗೊತ್ತಿತ್ತು. ಗುರುಗಳು, “ಒಂದು ಕತೆ ಕೇಳು,” ಎಂದು ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನ ಬಳಿ ಒಂದು ಟ್ರ್ಯಾಕ್ಟರ್ ಇತ್ತು. ಹಳೆಯದು. ಹಳೆಯದು ಎಂದರೆ ಅವನ ತಂದೆ ಕೊಂಡದ್ದು. ಬಣ್ಣ ಹೋಗಿತ್ತು. ಸೀಟು ಹರಿದು ಅದರ ಮೇಲೆ ಗೋಣಿಚೀಲ ಹಾಸಿದ್ದರು. ಆದರೂ ಎಂಜಿನ್ ಗಟ್ಟಿಯಾಗಿತ್ತು. ಅದನ್ನು ಓಡಿಸಲು ಓಬಳೇಶ ಎಂಬ ಚಾಲಕನಿದ್ದ. ರೈತನಿಗೆ ಓಡಿಸಲು ಬರುತ್ತಿರಲಿಲ್ಲವೆಂದಲ್ಲ, ಬರುತ್ತಿತ್ತು. ಆದರೂ ಉಳುಮೆ, ಬಿತ್ತನೆಗಳನ್ನು ಓಬಳೇಶನಿಗೇ ಬಿಟ್ಟಿದ್ದ. ಅದಕ್ಕೆ ಕಾರಣ ಓಬಳೇಶನ ಕೈಗುಣ.

ಕೈಗುಣ ಎಂದರೆ ಏನೆಂದು ನಿನಗೆ ಗೊತ್ತು. ಒಬ್ಬರು ನೆಟ್ಟ ಗಿಡ ಹಿಡಿಯುತ್ತದೆ, ಇನ್ನೊಬ್ಬರು ನೆಟ್ಟದ್ದು ಒಣಗುತ್ತದೆ. ಓಬಳೇಶ ಮೊದಲ ಸಾಲು ಬಿತ್ತಿದ ಹೊಲದಲ್ಲಿ ಶೇಂಗಾ ಒತ್ತಾಗಿ ಹುಟ್ಟುತ್ತದೆಂದು ಊರು ನಂಬಿತ್ತು. ಎತ್ತು ಕಟ್ಟಿ ಬೇಸಾಯ ಮಾಡುವವರೂ ಅವನನ್ನು ಕರೆಯುತ್ತಿದ್ದರು. ಅವನು ಹೋಗಿ ಕೂರಿಗೆ ಹಿಡಿದು ಒಂದು ಸಾಲು ಬಿತ್ತುತ್ತಿದ್ದ. ಅವರು ಕೊಟ್ಟ ಬೆಲ್ಲ ಬಾಯಿಗೆ ಹಾಕಿಕೊಂಡು ಬರುತ್ತಿದ್ದ. ಕೂಲಿ ಮಾತ್ರ ತೆಗೆದುಕೊಳ್ಳುತ್ತಿರಲಿಲ್ಲ. ಕೂಲಿ ಪಡೆದರೆ ಕೈಗುಣ ಹೋಗುತ್ತದೆ ಎನ್ನುತ್ತಿದ್ದ. ಅವನಿಗೆ ಸ್ವಂತ ಹೊಲವಿರಲಿಲ್ಲ. ಊರಿನಲ್ಲಿ ಅವನಿಗಿದ್ದ ಮರ್ಯಾದೆ ಆ ಕೈಯಿಂದ ಬಂದದ್ದು.

ಒಂದು ವರ್ಷ ಟ್ರ್ಯಾಕ್ಟರಿನ ಡೀಸೆಲ್ ಬೇಗ ಬೇಗ ಮುಗಿಯತೊಡಗಿತು. ಹೊಲ ಅಷ್ಟೇ, ಕೆಲಸ ಅಷ್ಟೇ, ಡೀಸೆಲ್ ಮಾತ್ರ ಸಾಲುತ್ತಿರಲಿಲ್ಲ. ರೈತ ಇದನ್ನು ಚಹಾ ಅಂಗಡಿಯಲ್ಲಿ ಹೇಳಿದ. ಅವನು ಸುಮ್ಮನೆ ಹೇಳಿದ್ದ, ಮನಸ್ಸಿನಲ್ಲಿ ಇನ್ನೂ ಏನೂ ಇರಲಿಲ್ಲ. ಬೆಂಚಿನ ಮೇಲಿದ್ದ ಒಬ್ಬ ಕೇಳಿದ:

“ಗೌಡ್ರೆ, ಡೀಸೆಲ್ ಕುಡಿಯೋದು ನಿಮ್ಮ ಟ್ರ್ಯಾಕ್ಟರೋ, ನಿಮ್ಮ ಡ್ರೈವರೋ?”

ಎಲ್ಲರೂ ನಕ್ಕರು. ರೈತನೂ ನಕ್ಕ. ಹೇಳಿದವನು ಲೋಟ ಇಡುವಷ್ಟರಲ್ಲಿ ಆ ಮಾತನ್ನು ಮರೆತ. ರೈತ ಮರೆಯಲಿಲ್ಲ.

ಅವನು ಓಬಳೇಶನನ್ನೇ ಕೇಳಬಹುದಿತ್ತು. ಕೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೇಳಿದರೆ ಓಬಳೇಶ ನೊಂದುಕೊಂಡಾನು ಎಂಬ ಅಂಜಿಕೆ ಅವನಿಗೆ ಇತ್ತು. ಕೇಳದೆ ಇದ್ದರೆ ತಾನು ಮೋಸಹೋದೇನು ಎಂಬ ಅಂಜಿಕೆಯೂ ಇತ್ತು. ಎರಡು ಅಂಜಿಕೆಗಳ ನಡುವೆ ಸಿಕ್ಕಿಕೊಂಡವನು ಬಾಯಿ ತೆರೆಯುವುದಿಲ್ಲ, ಕೈಯಿಂದ ಏನಾದರೂ ಮಾಡುತ್ತಾನೆ. ಈ ರೈತನೂ ಮಾಡಿದ. ಡೀಸೆಲ್ ಟ್ಯಾಂಕಿನ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದ. ಅದರ ಮೇಲೆ ಒಂದು ಬಟ್ಟೆ ಹೊದಿಸಿ, ಟ್ಯಾಂಕಿನ ಕುತ್ತಿಗೆಯ ಸುತ್ತ ದಾರದಿಂದ ಕಟ್ಟಿದ. ಕುಡುಗೋಲಿಗೆ ಹಿಡಿ ಕೂರಿಸಲು ತಂದಿದ್ದ ಅರಗು ಮನೆಯಲ್ಲಿತ್ತು. ಅದನ್ನು ಕಾಯಿಸಿ ಬಟ್ಟೆಯ ಮೇಲೆ ಸುರಿದ. ಅರಗು ಮುಚ್ಚಳದ ನೆತ್ತಿಯಿಂದ ಇಳಿದು ದಾರದ ಗಂಟಿನವರೆಗೂ ಹರಡಿತು. ಅದು ಆರುವ ಮೊದಲು ಅದರ ಮೇಲೆ ತನ್ನ ಬೆರಳಿನ ಉಂಗುರವನ್ನು ಒತ್ತಿದ. ಇನ್ನು ಯಾರಾದರೂ ಮುಚ್ಚಳ ತೆಗೆದರೆ ಅರಗು ಒಡೆಯಲೇಬೇಕು. ಒಡೆದು ಮತ್ತೆ ಹಾಕಿದರೂ ಉಂಗುರದ ಗುರುತು ಬರುವುದಿಲ್ಲ.

ಬೆಳಗ್ಗೆ ಓಬಳೇಶ ಅದನ್ನು ನೋಡಿದ.

“ಇದೇನು ಗೌಡ್ರೆ?”

“ದೂಳು ಬೀಳುತ್ತೆ ಕಣಪ್ಪ. ಅದಕ್ಕೆ.”

ಓಬಳೇಶ ಅರಗಿನ ಮೇಲಿದ್ದ ಗುರುತನ್ನು ಬೆರಳಿನಿಂದ ಸವರಿದ. “ದೂಳಿಗೆ ಉಂಗುರ ಯಾಕೆ ಬೇಕಿತ್ತು ಗೌಡ್ರೆ?” ಎಂದು ನಗುತ್ತಲೇ ಕೇಳಿದ. ರೈತ ಬೇರೆ ಕಡೆ ತಿರುಗಿಕೊಂಡ. ನಗು ಅರ್ಧಕ್ಕೇ ನಿಂತಿತು. ಆಮೇಲೆ ಓಬಳೇಶ ಆ ಮುಚ್ಚಳದ ಕಡೆ ಕಣ್ಣೆತ್ತಿ ನೋಡಲಿಲ್ಲ. ಈ ಮಾತು ನೆನಪಿರಲಿ. ಟ್ರ್ಯಾಕ್ಟರಿನ ಒಂದೊಂದು ಮೊಳೆಯನ್ನೂ ಬಲ್ಲವನು ಅದೊಂದು ಜಾಗವನ್ನು ಮಾತ್ರ ನೋಡುವುದನ್ನು ಬಿಟ್ಟ. ನೋಡಿದರೆ ನೋವಾಗುತ್ತಿತ್ತು, ಅದಕ್ಕೆ.

ಅಂದೇ ಎಂಜಿನ್ ನಿಂತಿತು. ಅರ್ಧ ಗಂಟೆ ಸರಿಯಾಗಿ ಓಡಿತು. ಆಮೇಲೆ ದನಿ ಇಳಿಯಿತು, ಒಮ್ಮೆ ಕೆಮ್ಮಿತು, ನಿಂತುಹೋಯಿತು. ಡೀಸೆಲ್ ಎಂಜಿನ್ ಹಾಗೆ ನಿಂತರೆ ಕೊಳವೆಯಲ್ಲಿ ಗಾಳಿ ಸೇರಿದೆ ಎಂದು ತಿಳಿಯುತ್ತಾರೆ. ಓಬಳೇಶ ಹಾಗೆಯೇ ತಿಳಿದ. ಸಣ್ಣ ಕೈಪಂಪನ್ನು ಒತ್ತಿ ಒತ್ತಿ ಗಾಳಿ ತೆಗೆದ. ಎಂಜಿನ್ ಹೊರಟಿತು. ಎರಡು ಸಾಲು ಹೋಗಿ ಮತ್ತೆ ನಿಂತಿತು. ಬೇಸತ್ತು ಬದುವಿನ ಮೇಲೆ ಕುಳಿತ. ಕುಳಿತು ಎದ್ದು ಕೀಲಿ ತಿರುಗಿಸಿದರೆ ಪಂಪು ಒತ್ತದೆಯೇ ಹೊರಟಿತು. ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಮಾಡಿದ್ದರಿಂದ ಹೊರಡುತ್ತದೋ ಮಾಡದೆ ಇದ್ದದ್ದರಿಂದ ಹೊರಡುತ್ತದೋ ಅವನಿಗೆ ತಿಳಿಯಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದವರ ಕೈಯಲ್ಲಿ ಗೌಡರಿಗೆ ಹೇಳಿ ಕಳಿಸಿದ.

ರೈತ ದೂರದಿಂದಲೇ ಕೂಗುತ್ತಾ ಬಂದ.

“ಏನೋ ಮಾಡ್ದೆ?”

“ಏನೂ ಮಾಡಿಲ್ಲ ಗೌಡ್ರೆ. ತಾನೇ ನಿಂತೋಯ್ತು.”

“ತಾನೇ ನಿಂತ್ಕೊಳ್ಳಕ್ಕೆ ಅದೇನು ಎಮ್ಮೆನೇನೋ?”

ಬೈಯುತ್ತಲೇ ಅರಗು ಒಡೆದ, ಬೈಯುತ್ತಲೇ ಬಟ್ಟೆ ಕಿತ್ತ, ಬೈಯುತ್ತಲೇ ಮುಚ್ಚಳ ತಿರುಗಿಸಿ ತೆಗೆದ. ಒಳಗೆ ಒಂದು ಕಡ್ಡಿ ಇಳಿಬಿಟ್ಟು ನೋಡಿದ. ಡೀಸೆಲ್ ಇರಬೇಕಾದಷ್ಟೇ ಇತ್ತು. ಮುಚ್ಚಳ ಹಾಕಿ ತಾನೇ ಹತ್ತಿ ಕುಳಿತ. ಕೈಪಂಪು ಒತ್ತಿಸಿ ಎಂಜಿನ್ ಹೊರಡಿಸಿದ. ಅದು ಹೊರಟಿತು, ನಿಲ್ಲಲಿಲ್ಲ. ಹೊಲದ ಈ ತುದಿಯಿಂದ ಆ ತುದಿಗೆ ಹೋಗಿ ಬಂದ. ಇನ್ನೊಮ್ಮೆ ಹೋಗಿ ಬಂದ. ಮತ್ತೊಮ್ಮೆ ಹೋಗಿ ಬಂದ.

“ನೋಡು. ನನ್ನ ಕೈಯಾಗೆ ಓಡುತ್ತೆ,” ಎಂದ.

ಆಮೇಲೆ ಕೆಳಗಿಳಿದ. ಅರಗಿನ ತುಂಡೂ ಬೆಂಕಿಪೊಟ್ಟಣವೂ ಈಗ ಅವನ ಅಂಗಿಯ ಜೇಬಿನಲ್ಲೇ ಇದ್ದವು. ಸ್ವಲ್ಪ ದೂರ ಹೋಗಿ ಅರಗು ಕಾಯಿಸಿ ತಂದು ಮುಚ್ಚಳಕ್ಕೆ ಮೊದಲಿನಂತೆಯೇ ಬಟ್ಟೆ ಕಟ್ಟಿ, ಅರಗು ಹಾಕಿ, ಉಂಗುರ ಒತ್ತಿ, ಟ್ರ್ಯಾಕ್ಟರನ್ನು ಓಬಳೇಶನಿಗೆ ಬಿಟ್ಟು ಮನೆಗೆ ಹೋದ. ಅವನು ಮನೆ ಸೇರಿ ಕೈಕಾಲು ತೊಳೆಯುವಷ್ಟರಲ್ಲಿ ಹೊಲದಲ್ಲಿ ಎಂಜಿನ್ ಮತ್ತೆ ನಿಂತಿತ್ತು.

ಮಾರನೆಯ ದಿನ ಮೆಕ್ಯಾನಿಕ್ ಬಂದ. ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಮೆಕ್ಯಾನಿಕ್ ಬರುವ ಮೊದಲು ರೈತ ಅರಗನ್ನೂ ಬಟ್ಟೆಯನ್ನೂ ತೆಗೆದುಹಾಕಿದ್ದ. ಏಕೆಂದರೆ ತನ್ನ ಮನೆಯ ಟ್ರ್ಯಾಕ್ಟರಿಗೆ ತಾನೇ ಮೊಹರು ಹಾಕುತ್ತಾನೆಂದು ಹೊರಗಿನವನಿಗೆ ತಿಳಿದರೆ ನಾಚಿಕೆ. ಮೆಕ್ಯಾನಿಕ್ ಫಿಲ್ಟರ್ ಬಿಚ್ಚಿ ನೋಡಿದ. ಕೊಳವೆ ಊದಿ ನೋಡಿದ. ಹಳೆಯ ಫಿಲ್ಟರ್ ತೆಗೆದು ಹೊಸದು ಹಾಕಿದ. ಎಂಜಿನ್ ಹೊರಡಿಸಿ ಮರದ ನೆರಳಿನಲ್ಲಿ ಕುಳಿತು ಬೀಡಿ ಸೇದಿದ. ಊಟ ಮಾಡಿದ. ಎಂಜಿನ್ ಓಡುತ್ತಲೇ ಇತ್ತು.

“ಹುಲಿ ಇದ್ದಂಗೆ ಐತೆ ಗೌಡ್ರೆ. ಮೇಲೆ ಕೂರೋರನ್ನ ನೋಡ್ಕಳಿ,” ಎಂದು ಹೇಳಿ ಹೋದ.

ಓಬಳೇಶ ಅಲ್ಲಿಯೇ ನಿಂತಿದ್ದ. ಕೇಳಿಸಿಕೊಂಡ. ಮೆಕ್ಯಾನಿಕ್ ಸುಳ್ಳು ಹೇಳಿರಲಿಲ್ಲ. ತಾನು ಕಂಡದ್ದನ್ನು ಹೇಳಿದ್ದ. ಅವನ ಬೈಕಿನ ಸದ್ದು ಮರೆಯಾದ ಮೇಲೆ ರೈತ ಜೇಬಿನಿಂದ ಅರಗು ತೆಗೆದ.

ಹೀಗೆ ನಡೆಯಿತು. ಒಂದೇ ಹೊಲ, ಒಂದೇ ಡೀಸೆಲ್, ಒಂದೇ ಎಂಜಿನ್. ಒಬ್ಬನ ಕೈಯಲ್ಲಿ ಓಡುತ್ತದೆ, ಇನ್ನೊಬ್ಬನ ಕೈಯಲ್ಲಿ ನಿಲ್ಲುತ್ತದೆ. ರೈತ ಇದನ್ನು ಮತ್ತೆ ಮತ್ತೆ ಪರೀಕ್ಷಿಸಿದ. ಪ್ರತಿ ಸಲವೂ ಅವನೇ ಗೆದ್ದ. ಪರೀಕ್ಷೆ ಮಾಡಿದಷ್ಟೂ ಅವನ ಅನುಮಾನ ಗಟ್ಟಿಯಾಯಿತು. ಅವನನ್ನು ತಪ್ಪೆನ್ನಲಾಗದು. ಕಣ್ಣಿಗೆ ಕಾಣುವುದು ಹಾಗೆಯೇ ಇತ್ತು.

ಓಬಳೇಶನೂ ತನ್ನನ್ನು ತಾನೇ ಪರೀಕ್ಷಿಸಿಕೊಂಡ. ನಿಧಾನವಾಗಿ ಓಡಿಸಿ ನೋಡಿದ, ಜೋರಾಗಿ ಓಡಿಸಿ ನೋಡಿದ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದ. ಹೊಲವನ್ನು ಮೂಡಣದಿಂದ ಶುರುಮಾಡಿದ, ಪಡುವಣದಿಂದ ಶುರುಮಾಡಿದ. ಎಂಜಿನ್ ಯಾವುದನ್ನೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಅರ್ಧ ಗಂಟೆ ಓಡಿತು, ನಿಂತಿತು. ಕೊನೆಗೆ ಅವನಿಗೆ ಉಳಿದದ್ದು ಒಂದೇ ಕಾರಣ. ತನ್ನ ಕೈ.

ಊರಿನವರು ಇದನ್ನು ಅವನಿಗಿಂತ ಮೊದಲೇ ಕಂಡುಕೊಂಡಿದ್ದರು. “ಓಬಳೇಶನ ಕೈಗುಣ ಹೋತಂತೆ,” ಎಂದು ಬಾವಿಯ ಬಳಿ ಮಾತಾಯಿತು. ಬಿತ್ತನೆ ಶುರುವಾದಾಗ ಮೊದಲ ಸಾಲಿಗೆ ಅವನನ್ನು ಯಾರೂ ಕರೆಯಲಿಲ್ಲ. ಹೊಲದ ಪಕ್ಕದಲ್ಲೇ ಅವನು ಹಾದುಹೋದಾಗ ಒಬ್ಬ ಮುದುಕಿ ಬೀಜದ ಬುಟ್ಟಿಯ ಮೇಲೆ ಸೆರಗು ಮುಚ್ಚಿದಳು. ಅವಳು ಕೆಟ್ಟವಳಲ್ಲ. ಹಿಂದಿನ ವರ್ಷ ಅವನ ಬಾಯಿಗೆ ಬೆಲ್ಲ ಹಾಕಿದವಳೂ ಅವಳೇ.

ಅಂದು ಸಂಜೆ ಓಬಳೇಶ ಟ್ರ್ಯಾಕ್ಟರಿನ ಕೀಲಿಯನ್ನು ರೈತನ ಜಗಲಿಯ ಮೇಲೆ ಇಟ್ಟ.

“ಗೌಡ್ರೆ, ನನ್ನ ಕೈಯೇ ಸರಿ ಇಲ್ಲ. ಬೇರೆಯೋರ್ನ ನೋಡ್ಕಳಿ,” ಎಂದ.

ರೈತ ಕೀಲಿ ಎತ್ತಿಕೊಂಡು ಒಳಗೆ ಹೋದ.

ಕೆಲವು ದಿನ ರೈತ ತಾನೇ ಓಡಿಸಿದ. ಆಗ ಮುಚ್ಚಳಕ್ಕೆ ಅರಗು ಹಾಕಲಿಲ್ಲ. ತನ್ನ ಮೇಲೆ ತನಗೆ ಕಾವಲು ಬೇಕಿರಲಿಲ್ಲವಲ್ಲ. ಎಂಜಿನ್ ಒಮ್ಮೆಯೂ ನಿಲ್ಲಲಿಲ್ಲ. ಎಲ್ಲವೂ ರುಜುವಾತಾಯಿತು ಎಂದುಕೊಂಡ. ಡೀಸೆಲ್ ಮಾತ್ರ ಮೊದಲಿನಷ್ಟೇ ಬೇಗ ಮುಗಿಯಿತು. ಇದನ್ನು ಅವನು ಗಮನಿಸದೆ ಇರಲಿಲ್ಲ. “ನನ್ನ ಕೈ ಪಳಗಿಲ್ಲ, ಅದಕ್ಕೆ ಹೆಚ್ಚು ಖರ್ಚಾಗುತ್ತೆ,” ಎಂದು ತನಗೆ ತಾನೇ ಹೇಳಿಕೊಂಡ. ಇನ್ನೊಬ್ಬನ ಕೈಯಲ್ಲಿ ಮುಗಿದದ್ದು ಕಳ್ಳತನವಾಗಿತ್ತು. ತನ್ನ ಕೈಯಲ್ಲಿ ಮುಗಿದದ್ದು ಖರ್ಚಾಯಿತು.

ಆಮೇಲೆ ಹೆಂಡತಿಯ ತಮ್ಮ ಬಂದ. ಅವನು ಬೇರೆ ಊರಿನಲ್ಲಿ ಟ್ರ್ಯಾಕ್ಟರ್ ಓಡಿಸಿ ಪಳಗಿದವನು. ಅವನಿಗೆ ಟ್ರ್ಯಾಕ್ಟರ್ ಒಪ್ಪಿಸುವಾಗ ರೈತನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಅನುಮಾನವಿತ್ತೆಂದಲ್ಲ, ಅಭ್ಯಾಸವಾಗಿತ್ತು. ಭಾವಮೈದುನನ ಕೈಯಲ್ಲೂ ಎಂಜಿನ್ ಅರ್ಧ ಗಂಟೆಗೆ ನಿಂತಿತು. ಮರುದಿನವೂ ನಿಂತಿತು. ಆ ಸಂಜೆ ರೈತ ಮತ್ತೆ ಅರಗು ಹಾಕುತ್ತಿದ್ದದ್ದನ್ನು ಅವನು ಪಕ್ಕದಲ್ಲಿ ನಿಂತು ನೋಡಿದ.

“ಏನ್ ಭಾವ, ಹೆಣ್ಣು ಕೊಟ್ಟ ಮನೆಯೋರಿಗೂ ಮೊಹರಾ?” ಎಂದ. ಅಕ್ಕ ಉಣ್ಣಲು ಕರೆದರೂ ನಿಲ್ಲದೆ ಸಂಜೆಯ ಬಸ್ಸಿಗೆ ಊರಿಗೆ ಹೊರಟುಹೋದ.

ಈಗ ರೈತನಿಗೆ ಏನೂ ತಿಳಿಯದಾಯಿತು. ಇಬ್ಬರ ಕೈಯೂ ಕೆಟ್ಟದ್ದೇ? ಇಬ್ಬರೂ ಕಳ್ಳರೇ? ಕಳ್ಳರಾದರೆ ಡೀಸೆಲ್ ಏಕೆ ಇದ್ದಷ್ಟೇ ಇರುತ್ತದೆ? ಕಳ್ಳರಲ್ಲದಿದ್ದರೆ ಎಂಜಿನ್ ಏಕೆ ನಿಲ್ಲುತ್ತದೆ? ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಇನ್ನೊಂದು ಕೈತಪ್ಪುತ್ತಿತ್ತು. ಗಾಳಿಯಲ್ಲಿ ಹಗ್ಗ ಹೊಸೆದಂತೆ ಯೋಚಿಸಿದ.

ಅದೇ ವೇಳೆಗೆ ಮಳೆ ಬಂತು. ನಿಂತ ಮೇಲೆ ನೆಲ ಹದಕ್ಕೆ ಬಂತು. ಹದವೆಂದರೆ ಮುಷ್ಟಿಯಲ್ಲಿ ಹಿಡಿದ ಮಣ್ಣು ಉಂಡೆಯಾಗಬೇಕು, ಬಿಟ್ಟರೆ ಒಡೆಯಬೇಕು. ಬಿಸಿಲು ಏರಿದರೆ ಹದ ಹಾರಿಹೋಗುತ್ತದೆ.

“ಹದ ಹೋಗುತ್ತೆ, ಏಳಿ. ನನ್ನ ತಮ್ಮನ್ನಂತೂ ಓಡಿಸಿದಿರಿ. ಈಗ ನೀವೇ ಹತ್ತಿ,” ಎಂದಳು ಹೆಂಡತಿ.

ರೈತ ಅವಸರದಲ್ಲಿ ಕೂರಿಗೆ ಕಟ್ಟಿ, ಬೀಜ ತುಂಬಿ, ಟ್ರ್ಯಾಕ್ಟರ್ ಹತ್ತಿದ. ಭಾವಮೈದುನ ಹೋದ ಸಂಜೆ ತಾನೇ ಹಾಕಿದ್ದ ಅರಗು ಮುಚ್ಚಳದ ಮೇಲೆ ಹಾಗೆಯೇ ಇತ್ತು. ಅದು ಅವನಿಗೆ ನೆನಪಾಗಲಿಲ್ಲ. ಊರಾಚೆಯ ದೊಡ್ಡ ಹೊಲಕ್ಕೆ ಹೋದ. ಬಿತ್ತನೆ ಶುರುಮಾಡಿದ. ಅರ್ಧ ಗಂಟೆ ಎಲ್ಲ ಸರಿಯಾಗಿತ್ತು. ಆಮೇಲೆ ಎಂಜಿನಿನ ದನಿ ಇಳಿಯಿತು, ಒಮ್ಮೆ ಕೆಮ್ಮಿತು, ನಿಂತುಹೋಯಿತು.

“ಏನೋ ಮಾಡ್ದೆ?” ಎಂದು ರೈತ ಕೂಗಿದ.

ಅಭ್ಯಾಸದಿಂದ ಕೂಗಿದ್ದ. ಆದರೆ ಅಲ್ಲಿ ಯಾರೂ ಇರಲಿಲ್ಲ. ಸೀಟಿನ ಮೇಲೆ ಅವನೇ ಇದ್ದ. ಸುತ್ತ ನೋಡಿದ. ಬೈಯಲು ಒಂದು ಮುಖ ಬೇಕಿತ್ತು, ಇರಲಿಲ್ಲ. ಕೂಗಿದ ಮಾತು ಹೊಲದ ಆಚೆಯ ಬದುವಿನವರೆಗೆ ಹೋಯಿತು. ಅವನು ಸ್ಟೀರಿಂಗ್ ಚಕ್ರ ಹಿಡಿದಿದ್ದ ತನ್ನ ಎರಡು ಕೈಗಳನ್ನು ತಿರುಗಿಸಿ ನೋಡಿಕೊಂಡ. ಓಬಳೇಶನೂ ಹೀಗೆಯೇ ನೋಡಿಕೊಂಡಿರಬೇಕು ಎಂದು ಅವನಿಗೆ ಆಗ ಹೊಳೆಯಲಿಲ್ಲ. ಹೆದರಿಕೆ ಮಾತ್ರ ಆಯಿತು.

ಕೆಳಗಿಳಿದು ಮುಚ್ಚಳದ ಬಳಿ ಬಂದ. ಅರಗು ಇನ್ನೂ ಇದ್ದದ್ದನ್ನು ಕಂಡ. ಡೀಸೆಲ್ ಕದಿಯಲು ಇಲ್ಲಿ ಯಾರಿದ್ದಾರೆ? ಆದರೂ ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಅರಗು ಒಡೆದ. ಬಟ್ಟೆ ತೆಗೆದ. ಮುಚ್ಚಳ ತಿರುಗಿಸಿದ. ಇಷ್ಟು ದಿನ ಅವನು ಬೈಯುತ್ತಾ ಮುಚ್ಚಳ ತೆಗೆಯುತ್ತಿದ್ದ. ಇಂದು ಬೈಯಲು ಯಾರೂ ಇರಲಿಲ್ಲವಾದ್ದರಿಂದ ಬಾಯಿ ಮುಚ್ಚಿತ್ತು. ಆದ್ದರಿಂದ ಅವನಿಗೆ ಒಂದು ಸದ್ದು ಕೇಳಿಸಿತು.

ಟ್ಯಾಂಕು ಉಸಿರು ಎಳೆದುಕೊಂಡಿತು. ನೀರಿನಲ್ಲಿ ಮುಳುಗಿದ್ದವನು ತಲೆ ಎತ್ತಿದಾಗ ಎಳೆದುಕೊಳ್ಳುತ್ತಾನಲ್ಲ, ಹಾಗೆ.

ರೈತ ಮುಚ್ಚಳವನ್ನು ಅಂಗೈಯಲ್ಲಿಟ್ಟು ನೋಡಿದ. ಅದರ ನೆತ್ತಿಯಲ್ಲಿ ಸೂಜಿಯ ಮೊನೆಯಷ್ಟು ಒಂದು ತೂತಿತ್ತು. ತೂತಿನ ತುಂಬ ಅರಗಿತ್ತು. ಇಷ್ಟು ದಿನ ಸಿಟ್ಟಿನಿಂದ ಬಟ್ಟೆ ಕಿತ್ತಾಗ, ಬಟ್ಟೆಯಲ್ಲಿ ಇಂಗಿ ಇಳಿದ ಆ ಅರಗೂ ಅದರ ಜೊತೆಗೇ ಕಿತ್ತು ಬರುತ್ತಿತ್ತು, ಇಂದು ಮೆಲ್ಲಗೆ ತೆಗೆದದ್ದರಿಂದ ಉಳಿದಿತ್ತು.

ಇದು ನಿನಗೆ ಅರ್ಥವಾಗುತ್ತದೆ. ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಗುಳುಗುಳು ಎಂದು ತಡೆದು ತಡೆದು ಬರುತ್ತದೆ. ಎದುರು ಮೂಲೆಯಲ್ಲಿ ಇನ್ನೊಂದು ತೂತು ಹೊಡೆದರೆ ಧಾರೆಯಾಗಿ ಇಳಿಯುತ್ತದೆ. ಉಗ್ರಾಣದಲ್ಲಿ ನೀನೂ ಹಾಗೆಯೇ ಹೊಡೆಯುತ್ತೀಯಲ್ಲ. ಒಳಗಿನದು ಹೊರಗೆ ಬರಬೇಕಾದರೆ ಹೊರಗಿನ ಗಾಳಿ ಒಳಗೆ ಹೋಗಬೇಕು. ಆ ಗಾಳಿಗೆಂದೇ ಮುಚ್ಚಳ ಮಾಡಿದವರು ಆ ತೂತು ಬಿಟ್ಟಿದ್ದರು. ರೈತ ಅದನ್ನು ಮುಚ್ಚಿದ. ಟ್ಯಾಂಕಿನಲ್ಲಿ ಡೀಸೆಲ್ ಇದ್ದರೂ ಎಂಜಿನ್‌ಗೆ ಇಳಿಯದಾಯಿತು. ಕಳ್ಳನನ್ನು ಹಿಡಿಯಲು ಅವನು ಮುಚ್ಚಳ ತೆಗೆದಾಗಲೆಲ್ಲ ಗಾಳಿ ಒಳಗೆ ಹೋಗುತ್ತಿತ್ತು, ಎಂಜಿನ್ ಹೊರಡುತ್ತಿತ್ತು. ನೋಡಲು ಬಂದದ್ದರಿಂದಲೇ ರೋಗ ಹೋಗುತ್ತಿತ್ತು. ನೋಡಿ ಹೋದ ಮೇಲೆ ಮತ್ತೆ ಬರುತ್ತಿತ್ತು. ಹಾಗಾಗಿ ಅವನಿಗೆ ರೋಗ ಎಂದೂ ಕಾಣಲಿಲ್ಲ, ರೋಗಿಯೆಂದು ಓಬಳೇಶ ಮಾತ್ರ ಕಂಡ.

ಹದ ಆರುತ್ತಿತ್ತು. ರೈತ ಬಿತ್ತನೆ ಮುಂದುವರಿಸಬಹುದಿತ್ತು. ಅವನು ಟ್ರ್ಯಾಕ್ಟರನ್ನು ಸಾಲಿನ ನಡುವೆಯೇ ಬಿಟ್ಟು, ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡು ನಡೆದ.

ಓಬಳೇಶ ಊರ ಹೊರಗೆ ಇಟ್ಟಿಗೆ ಮಾಡುವವರ ಬಳಿ ಕೆಲಸಕ್ಕಿದ್ದ. ಅಚ್ಚಿಗೆ ಮಣ್ಣು ತುಂಬುವ ಕೆಲಸ ಕೊಟ್ಟಿದ್ದರು. ಅವನು ಬೇಡವೆಂದು, ಮಣ್ಣು ತುಳಿಯುವ ಕೆಲಸ ಕೇಳಿ ಪಡೆದಿದ್ದ. ಅಚ್ಚಿನ ಕೆಲಸ ಕೈಯಿಂದ ಮಾಡುವುದು, ತುಳಿಯುವುದು ಕಾಲಿನಿಂದ. ತನ್ನ ಕೈ ತಾಗಿದರೆ ಇಟ್ಟಿಗೆ ಗೂಡಿನಲ್ಲಿ ಬಿರುಕು ಬಿಟ್ಟೀತೆಂದು ಅವನಿಗೆ ಭಯ.

ರೈತ ಕೆಸರಿನ ಅಂಚಿನಲ್ಲಿ ನಿಂತು ಮುಚ್ಚಳ ಚಾಚಿದ.

“ಕೈಯಲ್ಲ ಕಣೋ ಓಬಳೇಶ. ಇದು.”

ಓಬಳೇಶ ಅರಗು ಕೂತಿದ್ದ ತೂತನ್ನು ನೋಡಿದ. ಬಹಳ ಹೊತ್ತು ನೋಡಿದ. ಒಂದು ತೂತನ್ನು ನೋಡಲು ಅಷ್ಟು ಹೊತ್ತು ಬೇಕಿಲ್ಲ.

“ಹಂಗಾದ್ರೆ ಡೀಸೆಲ್ಲು?” ಎಂದು ಕೇಳಿದ. ತನ್ನನ್ನು ಏಕೆ ಅನುಮಾನಿಸಿದ್ದರೆಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಇಷ್ಟು ದಿನ ಇಬ್ಬರೂ ಆ ಮಾತನ್ನು ಆಡಿರಲಿಲ್ಲ, ಅಷ್ಟೇ.

“ನನ್ನ ಕೈಯಾಗೂ ಅಷ್ಟೇ ಮುಗೀತು. ಈ ವರ್ಷ ಕೆರೆ ಹೂಳೆತ್ತಿ ಹೊಲಕ್ಕೆ ಗೋಡು ಹೊಡೆಸಿದೀವಲ್ಲ. ಮಣ್ಣು ಭಾರ ಆಗೈತೆ. ಎಳಿಯಕ್ಕೆ ಹೆಚ್ಚು ಬೇಕು.”

“ಗೋಡು ಹೊಡೆದೋನು ನಾನೇ ಅಲ್ವಾ ಗೌಡ್ರೆ. ಆಗ್ಲೇ ಕೇಳಿದ್ರೆ ಹೇಳ್ತಿದ್ದೆ.”

ರೈತ ತಲೆ ತಗ್ಗಿಸಿದ. “ಬಾ. ಹದ ಹೋಗುತ್ತೆ,” ಎಂದ. ಕ್ಷಮಿಸು ಎಂಬ ಮಾತು ಅವನ ಬಾಯಿಗೆ ಬರಲಿಲ್ಲ. ಆ ಮಾತಿನ ಬದಲು ಇದು ಬಂತು.

ಓಬಳೇಶ ಕಾಲು ತೊಳೆದುಕೊಂಡು ಬಂದ. ಪಕ್ಕದ ಹೊಲದವರು ನೋಡುತ್ತಾ ನಿಂತರು. ಬೀಜದ ಬುಟ್ಟಿಗೆ ಸೆರಗು ಮುಚ್ಚಿದ್ದ ಮುದುಕಿಯೂ ಅಲ್ಲಿದ್ದಳು. ಎಲ್ಲರಿಗೂ ಕೇಳುವಂತೆ ರೈತ ಗಟ್ಟಿಯಾಗಿ ಹೇಳಿದ, “ಕೆಟ್ಟಿದ್ದು ಇವನ ಕೈಯಲ್ಲ, ನಾನು ಹಾಕಿದ ಅರಗು.” ಹೇಳಿ ಜೇಬಿನಲ್ಲಿದ್ದ ತುಂಡನ್ನು ಬದುವಿನ ಆಚೆ ಎಸೆದ. ತೂತನ್ನು ಮುಳ್ಳಿನಿಂದ ಬಿಡಿಸಿ ಮುಚ್ಚಳ ಹಾಕಿದರು. ಓಬಳೇಶ ಹತ್ತಿ ಕುಳಿತ. ಎಂಜಿನ್ 'ಡುಗುಡುಗು' ಎಂದಿತು. ಸಾಲು ನೆಟ್ಟಗೆ ಹೋಯಿತು, ಇನ್ನೊಂದು ಸಾಲು ಅದರ ಪಕ್ಕಕ್ಕೆ ಬಂತು. ರೈತ ಬದುವಿನ ಮೇಲೆ ಕುಳಿತು ನೋಡುತ್ತಿದ್ದ. ಬಹಳ ದಿನಗಳ ಮೇಲೆ ಅವನ ಮನಸ್ಸು ಹಗುರವಾಗಿತ್ತು.

ಅರ್ಧ ಗಂಟೆಯಾದ ಮೇಲೆ ಟ್ರ್ಯಾಕ್ಟರ್ ನಿಂತಿತು.

ರೈತ ಎದ್ದು ಓಡಿದ. ಈ ಸಲ ಬೈಯಲಿಲ್ಲ. ಎಂಜಿನ್ ಕೆಮ್ಮಿರಲಿಲ್ಲ, ದನಿ ಇಳಿದಿರಲಿಲ್ಲ. ಓಬಳೇಶ ತಾನೇ ಅದನ್ನು ನಿಲ್ಲಿಸಿ ಕೆಳಗಿಳಿದು ಮುಚ್ಚಳದ ಬಳಿ ನಿಂತಿದ್ದ.

“ಯಾಕೋ? ಯಾಕೆ ನಿಲ್ಲಿಸಿದೆ?”

“ನಿಲ್ಲೋ ಹೊತ್ತಾತು ಗೌಡ್ರೆ,” ಎಂದ ಓಬಳೇಶ.

ಆ ಬಿತ್ತನೆಯಲ್ಲಿ ಎಂಜಿನ್ ಮತ್ತೆ ನಿಲ್ಲಲಿಲ್ಲ. ಓಬಳೇಶ ಮಾತ್ರ ಅರ್ಧ ಗಂಟೆಗೊಮ್ಮೆ ನಿಲ್ಲಿಸುತ್ತಿದ್ದ. ಇಳಿದು ನೋಡುತ್ತಿದ್ದ, ಮತ್ತೆ ಹತ್ತುತ್ತಿದ್ದ. ಅದನ್ನು ಸರಿಮಾಡುವ ಮೆಕ್ಯಾನಿಕ್ ಆ ಸೀಮೆಯಲ್ಲಿ ಸಿಗಲಿಲ್ಲ.

ಗುರುಗಳು ಕತೆ ಮುಗಿಸಿದರು. ಒಳಗೆ ಅಡುಗೆಮನೆಯಲ್ಲಿ ಚನ್ನವೀರಯ್ಯ ಹಂಡೆ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು.

ಶಿಷ್ಯನ ಮುಖದಲ್ಲಿ ಗೊಂದಲವಿತ್ತು. ಅವನು ಹೇಳಿದ:

“ಬುದ್ಧಿ, ನನಗೆ ತಿಳಿಯಲಿಲ್ಲ. ಆ ರೈತ ಕೇಳಬೇಕಾದದ್ದನ್ನು ಕೇಳಲಿಲ್ಲ, ಮೊಹರು ಹಾಕಿದ. ಅದು ತಪ್ಪು. ನಾನು ಯಾವುದಕ್ಕೂ ಮೊಹರು ಹಾಕಿಲ್ಲ. ಬರುವ ಜನರನ್ನು ಅಂದಾಜು ಮಾಡಿ ಕೈತುಂಬ ಅಳೆದು ಕೊಟ್ಟೇ ಹೋಗುತ್ತೇನೆ. ಅಂದಾಜಿಗಿಂತ ಹೆಚ್ಚು ಜನ ಬರುವುದು ನಾನಿರುವಾಗಲೂ ಉಂಟು. ಆಗ ಚನ್ನವೀರಯ್ಯ ಬಂದು ಇನ್ನಷ್ಟು ಅಕ್ಕಿ ಎನ್ನುತ್ತಾನೆ, ಇನ್ನಷ್ಟು ಬೇಳೆ ಎನ್ನುತ್ತಾನೆ. ಎದ್ದು ತೆಗೆದುಕೊಡುತ್ತೇನೆ. ಒಂದು ದಿನವೂ ಇಲ್ಲವೆಂದಿಲ್ಲ. ಹೀಗಿರುವಾಗ ನನ್ನ ಕಡೆಯಿಂದ ಅರಗು ಎಲ್ಲಿ ಬಂತು?”

ಗುರುಗಳು ಅವನ ಮುಖವನ್ನು ನೋಡಿ ಕೇಳಿದರು:

“ನೀನು ಇಲ್ಲದ ದಿನ ಜನ ಹೆಚ್ಚು ಬಂದರೆ, ಉಗ್ರಾಣದ ಬೀಗ ಯಾರು ತೆಗೆಯುತ್ತಾರೆ?”

ಶಿಷ್ಯ ಉತ್ತರಿಸಲು ಬಾಯಿ ತೆರೆದ. ಅಂಗೈಯಲ್ಲಿ ಹಿಡಿದಿದ್ದ ಗೊಂಚಲು ಜಾರಿ ಸದ್ದು ಮಾಡಿತು.